ಮರಳುಗಾಡಿನ ದೂರದೋಟ: ಕುದುರೆಯ ಕ್ಷೇಮ ಮತ್ತು ಗೆಲುವಿನ ಒತ್ತಡ

ಒಂದೇ ಕುದುರೆಯ ಮೇಲೆ, ಒಂದೇ ದಿನದಲ್ಲಿ, 100ರಿಂದ 160 ಕಿಲೋಮೀಟರ್ ಕ್ರಮಿಸುವ ಸ್ಪರ್ಧೆಗೆ ಎಂಡ್ಯೂರೆನ್ಸ್ ಎಂದು ಹೆಸರು. ಕನ್ನಡದಲ್ಲಿ ದೂರದೋಟ ಎನ್ನಬಹುದು. ಕುವೈತ್‌ನಲ್ಲಿ ನೆಲೆಸಿರುವ ನಮ್ಮವರಿಗೆ ಕುದುರೆಯೆಂದೊಡನೆ ನೆನಪಾಗುವುದು ಬೆಂಗಳೂರು, ಮೈಸೂರಿನ ರೇಸು. ಅಲ್ಲಿನ ಓಟ ಒಂದೆರಡು ನಿಮಿಷಗಳದ್ದು. ದೂರದೋಟವಾದರೋ ಗಂಟೆಗಟ್ಟಲೆ ನಡೆಯುತ್ತದೆ. ಆದುದರಿಂದ ಕುದುರೆಯ ಕ್ಷೇಮದ ಪ್ರಶ್ನೆಯೂ ಇಲ್ಲಿ ಬೇರೆಯದೇ ರೂಪ ತಾಳುತ್ತದೆ.

ಈ ಕ್ರೀಡೆಗೆ ಹೇಳಿ ಮಾಡಿಸಿದ ತಳಿ ಅರಬ್ಬೀ ಕುದುರೆ. ನಮಗೂ ಅದಕ್ಕೂ ನಂಟು ಹಳೆಯದು. ವಿಜಯನಗರದ ಅರಸರಿಗೆ ಹೊರ್ಮುಜ್ ಕಡೆಯ ಕುದುರೆಗಳು ಭಟ್ಕಳದಂಥ ಬಂದರುಗಳ ಮೂಲಕ ಬರುತ್ತಿದ್ದವು. 19ನೆಯ ಶತಮಾನದಲ್ಲಿ ಕುವೈತ್‌ನಿಂದ ಮುಂಬಯಿಗೆ ಹಾಯಿಹಡಗುಗಳಲ್ಲಿ ಕುದುರೆಗಳು ಸಾಗುತ್ತಿದ್ದವು. ಇಂದು ಕುವೈತ್‌ನ ‘ಬೈತ್ ಅಲ್ ಅರಬ್’ ಕೇಂದ್ರ ಈ ತಳಿಯನ್ನು ಕಾಪಾಡಿಕೊಂಡು ಬಂದಿದೆ. ಆದರೆ ಸ್ಪರ್ಧೆಯ ಆಧುನಿಕ ರೂಪ ಅರಬರದಲ್ಲ. ಅದು ಮೊಳೆತದ್ದು 1955ರಲ್ಲಿ, ಕ್ಯಾಲಿಫೋರ್ನಿಯಾದ ಟೆವಿಸ್ ಕಪ್ ಸವಾರಿಯಲ್ಲಿ. ಬೆಟ್ಟದ ಆ ಕಡಿದಾದ ಹಾದಿಯಲ್ಲಿ ನೂರು ಮೈಲಿಯನ್ನು ಸುರಕ್ಷಿತವಾಗಿ ಮುಗಿಸುವುದೇ ಗೆಲುವು ಎಂಬ ಭಾವನೆ ಬೆಳೆಯಿತು. ಮೊದಲು ತಲುಪಿದ ಹತ್ತರಲ್ಲಿ ಅತ್ಯಂತ ಸುಸ್ಥಿತಿಯಲ್ಲಿರುವ ಕುದುರೆಗೆ ಅಲ್ಲಿ ಪ್ರತ್ಯೇಕ ಬಹುಮಾನವೇ ಇದೆ.

ಕುದುರೆಯ ದೇಹ ಬಳಲುವ ಬಗೆಯನ್ನು ತಿಳಿಯದೆ ಈ ಚರ್ಚೆ ಅರ್ಥವಾಗದು. ಸೆಕೆಯಲ್ಲಿ ಓಡುವ ಕುದುರೆ ಗಂಟೆಗೆ ಹತ್ತು ಲೀಟರಿಗೂ ಮಿಕ್ಕಿ ಬೆವರಬಲ್ಲುದು. ನಮ್ಮ ಬೆವರಿನಲ್ಲಿ ನೀರು ಹೆಚ್ಚು, ಉಪ್ಪು ಕಡಿಮೆ. ಕುದುರೆಯ ಬೆವರು ಅದರ ರಕ್ತದಷ್ಟೇ ಅಥವಾ ಇನ್ನೂ ಹೆಚ್ಚು ಉಪ್ಪು. ನೀರಿನೊಡನೆ ಉಪ್ಪೂ ಹೋಗುವುದರಿಂದ ರಕ್ತದ ಸಾಂದ್ರತೆ ಏರುವುದಿಲ್ಲ. ಹಾಗಾಗಿ ಬಾಯಾರಿಕೆಯ ಸೂಚನೆ ಮಿದುಳಿಗೆ ಸರಿಯಾಗಿ ಮುಟ್ಟುವುದಿಲ್ಲ. ದೇಹ ಒಣಗುತ್ತಿದ್ದರೂ ಕುದುರೆ ನೀರು ಮುಟ್ಟದಿರಬಹುದು. ಮುಂದೆ ಹೊಟ್ಟೆಶೂಲೆ, ಸ್ನಾಯುಸೆಳೆತ, ಮೂತ್ರಪಿಂಡದ ಹಾನಿ ಕಾದಿರುತ್ತವೆ.

ಆದ್ದರಿಂದಲೇ ಹಾದಿಯನ್ನು ಹಲವು ಸುತ್ತುಗಳಾಗಿ ವಿಂಗಡಿಸಿ, ಪ್ರತಿ ಸುತ್ತಿನ ಕೊನೆಯಲ್ಲಿ ಪಶುವೈದ್ಯರ ತಪಾಸಣೆಯನ್ನು ಕಡ್ಡಾಯಗೊಳಿಸಲಾಗಿದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 28ರಿಂದ 44 ಇರುವ ಹೃದಯ ಬಡಿತ, ಓಟದ ಬಳಿಕ ನಿಗದಿತ ಅವಧಿಯೊಳಗೆ 64ಕ್ಕೆ ಇಳಿಯಬೇಕು. ವಸಡಿನ ಬಣ್ಣ, ಕರುಳಿನ ಸದ್ದು, ಚರ್ಮದ ಬಿಗಿ, ನಡಿಗೆಯ ಲಯ ಇವನ್ನೂ ನೋಡುತ್ತಾರೆ. ಕುಂಟು ಕಂಡರೆ ಅಲ್ಲಿಗೆ ಸ್ಪರ್ಧೆ ಮುಗಿಯಿತು.

ನಿಯಮ ಒಳ್ಳೆಯದೇ. ಆದರೆ ನೆಲ ಬದಲಾದಾಗ ಆಟವೂ ಬದಲಾಯಿತು. ಬೆಟ್ಟದ ದಾರಿ ವೇಗಕ್ಕೆ ತಾನೇ ಕಡಿವಾಣ ಹಾಕುತ್ತದೆ. ಕೊಲ್ಲಿಯ ಸಮತಟ್ಟಾದ, ಹದಮಾಡಿದ ಮರಳುಹಾದಿ ಹಾಕುವುದಿಲ್ಲ. ಭಾರಿ ಬಹುಮಾನ, ಒಡೆಯರ ಪ್ರತಿಷ್ಠೆ, ಪಕ್ಕದಲ್ಲೇ ಧಾವಿಸುವ ಕಾರುಗಳು ಸೇರಿ ದೂರದೋಟವನ್ನು ದೀರ್ಘ ರೇಸನ್ನಾಗಿಸಿದವು. ಹೃದಯ ಸರಿಯಿದ್ದರೂ ಎಲುಬು ತಾಳಲಿಲ್ಲ. ಕುದುರೆಗಳ ಕ್ಷೇಮ ಮತ್ತು ನಿಯಮಪಾಲನೆಯ ಲೋಪಗಳಿಗಾಗಿ ಅಂತಾರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ 2015ರ ಮಾರ್ಚ್‌ನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ನ ಒಕ್ಕೂಟವನ್ನು ಅಮಾನತುಗೊಳಿಸಿತು. ಜುಲೈನಲ್ಲಿ ಅದು ತೆರವಾಯಿತು. 2016ರ ವಿಶ್ವ ಚಾಂಪಿಯನ್‌ಷಿಪ್ ದುಬೈಯಿಂದ ಸ್ಲೊವಾಕಿಯಾಕ್ಕೆ ಹೋಯಿತು. ದೋಷ ಕೊಲ್ಲಿಯದು ಮಾತ್ರವಲ್ಲ: 2018ರಲ್ಲಿ ಅಮೆರಿಕದ ಟ್ರಯಾನ್‌ನಲ್ಲಿ ನಡೆದ ವಿಶ್ವಕ್ರೀಡೆಯಲ್ಲಿ ಸೆಕೆ, ತೇವಗಳಿಂದಾಗಿ ಓಟವನ್ನು ನಡುವೆಯೇ ರದ್ದುಪಡಿಸಬೇಕಾಯಿತು.

ಮದ್ದು ಕೂಡ ಕೊಲ್ಲಿಯಲ್ಲೇ ಹುಟ್ಟಿತು. ಅಬುಧಾಬಿಯ ಬೌಥೀಬ್‌ನಲ್ಲಿ ವೇಗಕ್ಕೆ ಮಿತಿ ಹಾಕಿ, ಹೃದಯ ಬಡಿತದ ಅಳತೆಯನ್ನು 64ಕ್ಕಿಂತ ಬಿಗಿಗೊಳಿಸಿ, ಮೊದಲು ಬಂದವನಿಗಿಂತ ಕುದುರೆಯನ್ನು ಚೆನ್ನಾಗಿ ನೋಡಿಕೊಂಡವನಿಗೆ ಮನ್ನಣೆ ಕೊಟ್ಟರು. ಬಹುಮಾನದ ಅಳತೆಗೋಲು ಬದಲಾದರೆ ಸವಾರನ ನಡತೆಯೂ ಬದಲಾಗುತ್ತದೆ ಎಂಬುದಕ್ಕೆ ಇದೇ ನಿದರ್ಶನ.

ಕುವೈತ್‌ನಲ್ಲಿ ಈ ಕ್ರೀಡೆ ಎಮಿರೇಟ್ಸ್‌ನಷ್ಟು ಬೃಹತ್ತಾಗಿ ಬೆಳೆದಿಲ್ಲ. ಆದರೆ ನೆಲ ಅಷ್ಟೇ ಸಮತಟ್ಟು. ಬಿಸಿಲು ಇನ್ನೂ ಕಠಿಣ. 2016ರ ಜುಲೈಯಲ್ಲಿ ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಓಟ ಚಳಿಗಾಲದಲ್ಲಿ ನಡೆದರೂ ಕುದುರೆ ಬದುಕುವುದು ವರ್ಷವಿಡೀ. ಕೊಲ್ಲಿಯ ಲಾಯಗಳಲ್ಲಿ ದುಡಿಯುವವರಲ್ಲಿ ನಮ್ಮ ಉಪಖಂಡದವರು ಬಹಳ. ಕುದುರೆ ಮೇವು ಬಿಟ್ಟದ್ದು, ಕಾಲು ಬಿಸಿಯೇರಿದ್ದು ಮೊದಲು ಅವರ ಕೈಗೇ ತಿಳಿಯುತ್ತದೆ. ಆದರೆ ಓಟ ಬೇಡವೆನ್ನುವ ಅಧಿಕಾರ ಅವರಿಗಿಲ್ಲ. ವೈದ್ಯರ ತಪಾಸಣೆ ಓಟದ ದಿನದ್ದು. ಆಳಿನ ಕಣ್ಣು ಪ್ರತಿದಿನದ್ದು. ಆ ಕಣ್ಣಿಗೆ ಬೆಲೆ ಕೊಡುವ ನಿಯಮ ಬರಬೇಕೆಂಬುದು ನನ್ನ ಅಭಿಪ್ರಾಯ.

ಕರಾವಳಿಯವರಿಗೆ ಈ ವಾದ ಹೊಸದೇನಲ್ಲ. ಸುಪ್ರೀಂ ಕೋರ್ಟಿನ 2014ರ ತೀರ್ಪಿನ ಬಳಿಕ ಕಂಬಳಕ್ಕೆ ತೊಡಕು ಬಂತು; 2017ರ ಕರ್ನಾಟಕ ತಿದ್ದುಪಡಿಯನ್ನು 2023ರ ಮೇ 18ರಂದು ಸಂವಿಧಾನ ಪೀಠ ಎತ್ತಿಹಿಡಿಯಿತು. ಪರಂಪರೆಗೆ ಅನುಮತಿ ದೊರೆತದ್ದು ನೋವು ತಗ್ಗಿಸುವ ಷರತ್ತಿನೊಂದಿಗೆ ಎಂಬುದನ್ನು ಮರೆಯಬಾರದು. ಕೋಣವಾಗಲಿ ಕುದುರೆಯಾಗಲಿ, ಸಾಕೆಂದು ಬಾಯಿಬಿಟ್ಟು ಹೇಳಲಾರದು. ಅದರ ಪರವಾಗಿ ಸಾಕೆನ್ನುವವರು ಯಾರು, ಅವರ ಮಾತು ನಡೆಯುತ್ತದೆಯೇ ಎಂಬುದರಿಂದಲೇ ಒಂದು ಕ್ರೀಡೆಯ ಯೋಗ್ಯತೆಯನ್ನು ಅಳೆಯಬೇಕು.