ತಂತಿ ಇತ್ತು, ಸುದ್ದಿ ಮಾತ್ರ ಗಡಿಯಲ್ಲಿ ನಿಲ್ತಿತ್ತು!

ಫ್ರೆಂಡ್ಸ್, ಬೆಂಗಳೂರಿನ ಆಫೀಸಿನಿಂದ ಬರ್ಲಿನ್‌ಗೆ ಫೋನ್ ಮಾಡಿದ್ರೆ ಕ್ಷಣದಲ್ಲಿ ಕನೆಕ್ಟ್ ಆಗುತ್ತೆ. ಯಾಕೆ? ಟೆಕ್ನಾಲಜಿ ಅಂತೀರಿ. ಅದು ಅರ್ಧ ಉತ್ತರ. ಇನ್ನರ್ಧ ಉತ್ತರ ಸಮ್ಮೇಳನಗಳ ಮೇಜಿನ ಮೇಲೆ ಹುಟ್ಟಿದ್ದು. ಓದಿ 👇

1️⃣ 1850ರ ದಶಕದಲ್ಲಿ ಯುರೋಪಿನಲ್ಲಿ ಟೆಲಿಗ್ರಾಫ್ ತಂತಿಗೇನೂ ಬರ ಇರಲಿಲ್ಲ. ಆದರೆ ದೇಶಕ್ಕೊಂದು ವ್ಯವಸ್ಥೆ, ದೇಶಕ್ಕೊಂದು ದರ. ಗಡಿಯಲ್ಲಿದ್ದ ಸ್ಟ್ರಾಸ್‌ಬರ್ಗ್ ಕಚೇರಿಯಲ್ಲಿ ಏನಾಗ್ತಿತ್ತು ಗೊತ್ತಾ? ಪ್ಯಾರಿಸ್‌ನಿಂದ ಬಂದ ಸಂದೇಶವನ್ನು ಫ್ರೆಂಚ್ ಗುಮಾಸ್ತ ಕಾಗದದಲ್ಲಿ ಬರ್ಕೊಂಡು, ಅಲ್ಲೇ ಕೂತಿದ್ದ ಬಾಡೆನ್ ರಾಜ್ಯದ ಗುಮಾಸ್ತನ ಕೈಗೆ ಕೊಡ್ತಿದ್ದ. ಅವನು ಜರ್ಮನ್‌ಗೆ ಅನುವಾದ ಮಾಡಿ, ತನ್ನ ತಂತಿಯಲ್ಲಿ ಮತ್ತೆ ಕಳಿಸ್ತಿದ್ದ. ಮಿಂಚಿನ ಹಾಗೆ ಬಂದ ಸುದ್ದಿ ಗಡಿಯಲ್ಲಿ ಕಾಲ್ನಡಿಗೆ! ಬೆಲೆ ಏರಿಳಿಯೋ ಮಾರುಕಟ್ಟೆಯಲ್ಲಿ ತಡ ಅಂದ್ರೆ ನಷ್ಟ.

2️⃣ ಫ್ರಾನ್ಸ್ ಸರ್ಕಾರ 1865ರಲ್ಲಿ ಪ್ಯಾರಿಸ್‌ನಲ್ಲಿ ಸಮ್ಮೇಳನ ಕರೀತು. ಮೇ 17ರಂದು 20 ದೇಶಗಳು ಸಹಿ ಹಾಕಿದವು. ಎಲ್ಲರಿಗೂ ಮೋರ್ಸ್ ಉಪಕರಣ, ಲೆಕ್ಕಕ್ಕೆ ಫ್ರಾಂಕ್. ಯಾರು ಬೇಕಾದರೂ ತಂತಿ ಕಳಿಸಬಹುದು, ಅದರ ಗುಟ್ಟನ್ನು ಕಾಪಾಡಬೇಕು. ಬ್ರಿಟನ್‌ಗೆ ಮಾತ್ರ ಕರೆ ಇರಲಿಲ್ಲ. ಅಲ್ಲಿನ ಟೆಲಿಗ್ರಾಫ್ ಖಾಸಗಿ ಕಂಪನಿಗಳದ್ದು, ಈ ಮೇಜು ಸರ್ಕಾರಗಳದ್ದು.

3️⃣ ಭಾರತ ಎಲ್ಲಿತ್ತು? 1868ರ ವಿಯೆನ್ನಾ ಸಮ್ಮೇಳನದಲ್ಲಿ ಬ್ರಿಟಿಷ್ ಇಂಡಿಯಾಕ್ಕೂ ಕುರ್ಚಿ ಸಿಕ್ತು. ಕೂತವರು ಯಾರು? ಬ್ರಿಟಿಷ್ ಅಧಿಕಾರಿಗಳು. 1870ರಲ್ಲಿ ಸೂಯೆಜ್–ಏಡನ್ ದಾರಿಯ ಸಮುದ್ರ ಕೇಬಲ್ ಬಾಂಬೆ ಮುಟ್ಟಿತು. ಹಡಗಿನಲ್ಲಿ ವಾರಗಟ್ಟಲೆ ಹಿಡೀತಿದ್ದ ಹತ್ತಿಯ ಬೆಲೆಯ ಸುದ್ದಿಗೆ ತಂತಿಯ ದಾರಿ ಇನ್ನಷ್ಟು ಗಟ್ಟಿಯಾಯ್ತು.

4️⃣ ಆದರೆ ತಂತಿಗೆ ಪದದ ಲೆಕ್ಕದಲ್ಲಿ ದುಡ್ಡು. ವ್ಯಾಪಾರಿಗಳು ಸುಮ್ನಿರ್ತಾರಾ? ಒಂದಿಡೀ ವಾಕ್ಯಕ್ಕೆ ಒಂದೇ ಪದ ಅಂತ ಗೊತ್ತು ಮಾಡ್ಕೊಂಡು ಕೋಡ್ ಪುಸ್ತಕಗಳನ್ನೇ ಅಚ್ಚು ಹಾಕಿಸಿದ್ರು. ಆಗ ಸಮ್ಮೇಳನಗಳ ದೊಡ್ಡ ಜಗಳ ಶುರುವಾಯ್ತು: 'ಪದ' ಅಂದ್ರೆ ಯಾವುದು? 1879ರ ಲಂಡನ್ ಸಮ್ಮೇಳನದ ನಿಯಮ: ಕೋಡ್ ಪದ ಎಂಟು ಭಾಷೆಗಳಲ್ಲಿ ಯಾವುದಾದರೂ ಒಂದರದ್ದಾಗಿರಬೇಕು. ಇಂಗ್ಲಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಡಚ್, ಪೋರ್ಚುಗೀಸ್, ಸ್ಪ್ಯಾನಿಷ್, ಲ್ಯಾಟಿನ್. ಯಾರ ಮನೆಯಲ್ಲೂ ಆಡದ ಲ್ಯಾಟಿನ್‌ಗೆ ಜಾಗ ಇತ್ತು. ಕೋಟಿಗಟ್ಟಲೆ ಜನ ಆಡೋ ನಮ್ಮ ಒಂದು ಭಾಷೆಗೂ ಇರಲಿಲ್ಲ.

1903ರಲ್ಲಿ ಮತ್ತೆ ಲಂಡನ್‌ನಲ್ಲಿ ಕೂತು ನಿಯಮ ಸಡಿಲಿಸಿದ್ರು: ಉಚ್ಚರಿಸೋಕಾದ್ರೆ ಸಾಕು, 10 ಅಕ್ಷರದೊಳಗಿನ ಕೃತಕ ಪದವೂ ಸರಿ. ವ್ಯಾಪಾರಿಗಳು ಐದೈದು ಅಕ್ಷರದ ಎರಡು ಕೋಡ್ ಜೋಡಿಸಿ ಒಂದೇ ಪದ ಮಾಡಿದ್ರು. ಅರ್ಧ ದುಡ್ಡು ಉಳೀತು 😄

5️⃣ ಪ್ಯಾರಿಸ್‌ನ ಆ ಒಕ್ಕೂಟ ಸತ್ತಿಲ್ಲ. 1932ರ ಮ್ಯಾಡ್ರಿಡ್ ಸಮ್ಮೇಳನದಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದ್ರೆ ಐಟಿಯು, ಅಂತ ಹೆಸರಾಯ್ತು. ಈಗ ಅದು ವಿಶ್ವಸಂಸ್ಥೆಯ ಅಂಗ, ಕಚೇರಿ ಜಿನೀವಾದಲ್ಲಿ. ನಿಮ್ಮ ನಂಬರಿನ ಮುಂದಿರೋ +91 ಬಂದಿದ್ದೂ ಅದರ ಪಟ್ಟಿಯಿಂದಲೇ.

ಹಾಗಾಗಿ 'ಸಮ್ಮೇಳನ ಅಂದ್ರೆ ಬರೀ ಭಾಷಣ, ಊಟ' ಅಂತ ನಗಬೇಡಿ. ತಂತಿ ಎಳೆದವರು ದಾರಿ ಮಾಡಿದ್ರು. ಆ ದಾರಿಯಲ್ಲಿ ಯಾರ ಮಾತಿಗೆ ಎಷ್ಟು ಬೆಲೆ ಅಂತ ತೀರ್ಮಾನಿಸಿದ್ದು ಮೇಜಿನ ಸುತ್ತ ಕೂತವರು. ಇವತ್ತು ಎಐ ನಿಯಮಗಳಿಗೂ ಅಂಥದ್ದೇ ಮೇಜುಗಳು ಹಾಕಿವೆ. ಅಲ್ಲಿ ಕನ್ನಡಕ್ಕಾಗಿ ಮಾತಾಡೋರು ಯಾರು? ಕಾಮೆಂಟಲ್ಲಿ ಹೇಳಿ.

#ಕನ್ನಡದಲ್ಲಿಇತಿಹಾಸ #ಟೆಲಿಗ್ರಾಫ್