ಅಂಕಾರಾದಲ್ಲಿ ಕೈ ಬದಲಿಸಿದ ನಿಯಮಗಳು

1946ರ ಜುಲೈನಲ್ಲಿ ಟರ್ಕಿಯ ಜನ ಮೊದಲ ಸಲ ಬಹುಪಕ್ಷಗಳ ನೇರ ಚುನಾವಣೆಯಲ್ಲಿ ಮತ ಹಾಕಿದರು. ಮತದಾನ ನಡೆದದ್ದು ಎಲ್ಲರ ಕಣ್ಣೆದುರು, ಎಣಿಕೆ ನಡೆದದ್ದು ಗುಟ್ಟಾಗಿ. ಆಳುವ ಪಕ್ಷ ಗೆದ್ದಿತೆಂದು ಬೇರೆ ಹೇಳಬೇಕಿಲ್ಲ. ಆದರೆ ನಾಲ್ಕೇ ವರ್ಷದಲ್ಲಿ, ಅದೇ ಅಧ್ಯಕ್ಷ ಇಸ್ಮೆತ್ ಇನೊನು ಕಾಲದಲ್ಲಿ, ಕಾಯಿದೆ ತಿರುಗಿತು: ಮತದಾನ ಗುಪ್ತ, ಎಣಿಕೆ ಬಹಿರಂಗ, ಮೇಲ್ವಿಚಾರಣೆಗೆ ನ್ಯಾಯಾಧೀಶರ ಸರ್ವೋಚ್ಚ ಚುನಾವಣಾ ಮಂಡಳಿ. 1950ರ ಮೇ 14ರಂದು ಇನೊನು ಪಕ್ಷ ಸೋತು ಅಧಿಕಾರ ಬಿಟ್ಟುಕೊಟ್ಟಿತು. ಏಕಪಕ್ಷ ಆಡಳಿತವೊಂದು ಹೀಗೆ ಸದ್ದಿಲ್ಲದೆ ಮನೆಗೆ ಹೋದ ಉದಾಹರಣೆ ಆ ಕಾಲದಲ್ಲಿ ಅಪರೂಪ.

ಟರ್ಕಿಯ ರಾಜಕೀಯ ಚರಿತ್ರೆಯನ್ನು ಸಾಮಾನ್ಯವಾಗಿ ಮತನಿರಪೇಕ್ಷರು ಮತ್ತು ಧರ್ಮಶ್ರದ್ಧರ ಜಗಳವೆಂದು ಬರೆಯುತ್ತಾರೆ. ಅದು ಸುಳ್ಳಲ್ಲ. ಆದರೆ ಸಂಸ್ಥೆಗಳ ಕಡೆಯಿಂದ ನೋಡಿದರೆ ಕಾಣುವ ಕಥೆ ಬೇರೆ. ಅಲ್ಲಿ ಅಧಿಕಾರ ಹಿಡಿದವರೆಲ್ಲ ಎದುರಾಳಿಯನ್ನು ಹೊರಗಿಡಲು ಒಂದೊಂದು ನಿಯಮ ಮಾಡಿಟ್ಟರು. ಬಹುಪಾಲು ಸಲ ಆ ನಿಯಮದ ಲಾಭ ಉಂಡದ್ದು ಎದುರಾಳಿಯೇ.

ಆಟೊಮನ್ ಸಾಮ್ರಾಜ್ಯಕ್ಕೆ 1876ರಲ್ಲೇ ಸಂವಿಧಾನ ಬಂದಿತ್ತು. ಸುಲ್ತಾನ್ ಎರಡನೇ ಅಬ್ದುಲ್ ಹಮೀದ್ ಎರಡು ವರ್ಷದಲ್ಲಿ ಅದನ್ನು ಮೂಲೆಗಿಟ್ಟ; 1908ರಲ್ಲಿ ಯುವ ತುರ್ಕರು ಮರಳಿ ತಂದರು. ಮೊದಲ ಮಹಾಯುದ್ಧದ ಸೋಲಿನ ನಂತರ ಇಸ್ತಾಂಬುಲ್ ಮಿತ್ರಪಡೆಗಳ ಕೈಯಲ್ಲಿದ್ದಾಗ, 1920ರ ಏಪ್ರಿಲ್ 23ರಂದು ಅಂಕಾರಾದಲ್ಲಿ ಮಹಾ ರಾಷ್ಟ್ರೀಯ ಸಭೆ ಸೇರಿತು. ಟರ್ಕಿಯಲ್ಲಿ ಗಣರಾಜ್ಯಕ್ಕಿಂತ ಸಂಸತ್ತು ಹಿರಿದು. ಮುಂದಿನ ಸ್ವಾತಂತ್ರ್ಯ ಯುದ್ಧ ನಡೆಸಿದ್ದೇ ಆ ಸಂಸತ್ತು. ಮುಸ್ತಫಾ ಕೆಮಾಲ್ ಅದರ ಅಧ್ಯಕ್ಷ. 1922ರಲ್ಲಿ ಸುಲ್ತಾನ್ ಪದವಿ ಹೋಯಿತು, 1923ರ ಅಕ್ಟೋಬರ್ 29ರಂದು ಗಣರಾಜ್ಯ ಘೋಷಣೆಯಾಯಿತು, 1924ರ ಮಾರ್ಚ್ 3ರಂದು ಖಲೀಫ ಪದವಿಯೂ ರದ್ದಾಯಿತು. ಆ ಪದವಿಯ ಉಳಿವಿಗಾಗಿಯೇ 1920ರಲ್ಲಿ ಗಾಂಧೀಜಿ ಮತ್ತು ಶೌಕತ್ ಅಲಿ ಮಂಗಳೂರಿನವರೆಗೂ ಬಂದು ಭಾಷಣ ಮಾಡಿದ್ದರು. ಖಿಲಾಫತ್ ಚಳವಳಿಯ ಬುಡ ಕಿತ್ತದ್ದು ಬ್ರಿಟಿಷರಲ್ಲ, ಅಂಕಾರಾದ ಶಾಸಕರು.

1924ರ ಸಂವಿಧಾನ ಎಲ್ಲ ಅಧಿಕಾರವನ್ನೂ ಸಂಸತ್ತಿಗೆ ಒಪ್ಪಿಸಿತು. ಅದು ಮಾಡಿದ ಕಾಯಿದೆಯನ್ನು ಪ್ರಶ್ನಿಸಲು ನ್ಯಾಯಾಲಯವಿಲ್ಲ, ಎರಡನೇ ಸದನವಿಲ್ಲ. ಸಂಸತ್ತಿನಲ್ಲಿದ್ದದ್ದು ಕೆಮಾಲರ, ಮುಂದೆ ಇನೊನು ಮುನ್ನಡೆಸಿದ, ರಿಪಬ್ಲಿಕನ್ ಪೀಪಲ್ಸ್ ಪಾರ್ಟಿ ಒಂದೇ ಆದ್ದರಿಂದ ಯಾರಿಗೂ ಅದು ಕೊರತೆ ಎನಿಸಲಿಲ್ಲ. 1924ರಲ್ಲೂ 1930ರಲ್ಲೂ ಹುಟ್ಟಿದ ವಿರೋಧ ಪಕ್ಷಗಳು ವರ್ಷ ತುಂಬುವ ಮೊದಲೇ ಬಾಗಿಲು ಹಾಕಿದವು. ಲಿಪಿ ಬದಲಾಯಿತು, 1934ರಲ್ಲಿ, ಫ್ರಾನ್ಸಿಗಿಂತ ಹತ್ತು ವರ್ಷ ಮೊದಲು, ಮಹಿಳೆಯರಿಗೆ ಸಂಸತ್ ಚುನಾವಣೆಯ ಮತಾಧಿಕಾರ ಸಿಕ್ಕಿತು, 1937ರಲ್ಲಿ ಮತನಿರಪೇಕ್ಷತೆ ಸಂವಿಧಾನ ಸೇರಿತು.

ಅಂಕುಶವಿಲ್ಲದ ಆ ಸಂಸತ್ತು 1950ರಲ್ಲಿ ಅದ್ನಾನ್ ಮೆಂಡೆರೆಸರ ಡೆಮಾಕ್ರಟ್ ಪಕ್ಷದ ವಶವಾಯಿತು. ಪ್ರಾಂತದಲ್ಲಿ ಹೆಚ್ಚು ಮತ ಪಡೆದ ಪಟ್ಟಿಗೆ ಅಲ್ಲಿನ ಸ್ಥಾನಗಳೆಲ್ಲವೂ ಎಂಬ ಚುನಾವಣಾ ಪದ್ಧತಿಯೂ ಹಳೆಯ ಆಡಳಿತದ್ದೇ. ಫಲವಾಗಿ, ಶೇ 40ರಷ್ಟು ಮತ ಪಡೆದ ಇನೊನು ಪಕ್ಷಕ್ಕೆ 487ರಲ್ಲಿ 70 ಸ್ಥಾನವೂ ದಕ್ಕಲಿಲ್ಲ. ಹತ್ತು ವರ್ಷದಲ್ಲಿ ಮೆಂಡೆರೆಸ್ ಆ ಬಹುಮತವನ್ನು ದೊಣ್ಣೆಯಂತೆ ಬೀಸಿದರು. 1960ರ ಏಪ್ರಿಲ್‌ನಲ್ಲಿ ಸ್ವಪಕ್ಷದ 15 ಶಾಸಕರ ಸಮಿತಿಗೆ ವಿರೋಧ ಪಕ್ಷವನ್ನೂ ಪತ್ರಿಕೆಗಳನ್ನೂ ವಿಚಾರಣೆ ಮಾಡುವ ಅಧಿಕಾರ ಕೊಟ್ಟರು. ಮೇ 27ರಂದು ಸೇನೆ ನುಗ್ಗಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಇಮ್ರಾಲಿ ದ್ವೀಪದಲ್ಲಿ ಮೆಂಡೆರೆಸರನ್ನೂ ಇಬ್ಬರು ಸಚಿವರನ್ನೂ ಗಲ್ಲಿಗೇರಿಸಲಾಯಿತು. ಟರ್ಕಿಯ ಬಲಪಂಥ ಇಂದಿಗೂ ಆ ಗಲ್ಲನ್ನು ಮರೆತಿಲ್ಲ. ಅದರ ಪ್ರತಿ ಚುನಾವಣಾ ಭಾಷಣದ ಹಿಂದೆಯೂ ಮೆಂಡೆರೆಸ್ ನಿಂತಿರುತ್ತಾರೆ.

ಸೈನಿಕರು ತಂದರೂ 1961ರ ಸಂವಿಧಾನ ಆ ದೇಶ ಕಂಡ ಅತಿ ಉದಾರ ಸಂವಿಧಾನ. ಸಾಂವಿಧಾನಿಕ ನ್ಯಾಯಾಲಯ, ಸೆನೆಟ್, ಮುಷ್ಕರದ ಹಕ್ಕು ಎಲ್ಲವೂ ಅದರಲ್ಲಿದ್ದವು; ಪ್ರಮಾಣಾನುಗುಣ ಪ್ರಾತಿನಿಧ್ಯ ಅದೇ ವರ್ಷದ ಚುನಾವಣಾ ಕಾಯಿದೆಯಲ್ಲಿ ಬಂತು. ಜೊತೆಗೇ ರಾಷ್ಟ್ರೀಯ ಭದ್ರತಾ ಮಂಡಳಿಯೂ ಬಂತು. ಸೇನಾಧಿಕಾರಿಗಳಿಗೆ ಸರ್ಕಾರದ ಮೇಜಿನಲ್ಲಿ ಕುರ್ಚಿ ಖಾಯಂ ಆಯಿತು. 1971ರಲ್ಲಿ ಸೇನೆಯ ಒಂದು ಪತ್ರಕ್ಕೇ ಬಲಪಂಥದ ಪ್ರಧಾನಿ ದೆಮಿರೆಲ್ ಸರ್ಕಾರ ಬಿತ್ತು. ಆ ದಶಕದ ಬಹುಪಾಲು ದೆಮಿರೆಲ್, ಇನೊನು ಪಕ್ಷದ ಎಜೆವಿತ್ ಸರದಿಯಂತೆ ಪ್ರಧಾನಿಯಾದರು. ಹೊರಗೆ ಎಡ–ಬಲ ಗುಂಪುಗಳ ಗುಂಡಿನ ಕಾಳಗ. 1980ರಲ್ಲಿ ಸಂಸತ್ತು ತಿಂಗಳುಗಟ್ಟಲೆ, ನೂರಕ್ಕೂ ಹೆಚ್ಚು ಸುತ್ತು ಮತ ಹಾಕಿಯೂ ಒಬ್ಬ ರಾಷ್ಟ್ರಾಧ್ಯಕ್ಷನನ್ನು ಆರಿಸಲಾಗದೆ ಕೂತಿತು. ಸೆಪ್ಟೆಂಬರ್ 12ರಂದು ಜನರಲ್ ಕೆನಾನ್ ಎವ್ರೆನ್ ಎಲ್ಲಕ್ಕೂ ಬೀಗ ಹಾಕಿದರು.

ಎವ್ರೆನ್ ಕಾಲದ ಸಂವಿಧಾನವೇ ತಿದ್ದುಪಡಿಗಳೊಂದಿಗೆ ಇಂದಿಗೂ ನಡೆಯುತ್ತಿದೆ. 1982ರ ಜನಮತಗಣನೆಯಲ್ಲಿ ಒಪ್ಪಿಗೆಗೆ ಬಿಳಿ ಚೀಟಿ, ವಿರೋಧಕ್ಕೆ ನೀಲಿ. ಲಕೋಟೆ ಎಷ್ಟು ತೆಳುವೆಂದರೆ ಒಳಗಿನ ಬಣ್ಣ ಹೊರಗೆ ಕಾಣುತ್ತಿತ್ತು. ಶೇ 91ರಷ್ಟು ಬಿಳಿ ಬಂತು. ಸಣ್ಣ ಪಕ್ಷಗಳ ಕಾಟ ತಪ್ಪಿಸಲು ಸೈನಿಕರು 1983ರಲ್ಲಿ ಇನ್ನೊಂದು ನಿಯಮ ಮಾಡಿದರು: ದೇಶದಾದ್ಯಂತ ಶೇ 10 ಮತ ಬಾರದ ಪಕ್ಷಕ್ಕೆ ಸಂಸತ್ತಿನಲ್ಲಿ ಜಾಗವಿಲ್ಲ. ಕುರ್ದಿಶ್ ಪಕ್ಷಗಳೂ ಧಾರ್ಮಿಕ ಪಕ್ಷಗಳೂ ಈ ಹೊಸ್ತಿಲು ದಾಟಲಾರವು ಎಂಬ ಲೆಕ್ಕ ಅದರಲ್ಲಿತ್ತು.

ಲೆಕ್ಕ ಒಂದಿಷ್ಟು ಕಾಲ ನಡೆಯಿತು. ಪ್ರಧಾನಿ ಒಜಾಲ್ ಆರ್ಥಿಕತೆಯನ್ನು ತೆರೆದರು, 1993ರಲ್ಲಿ ತಾನ್ಸು ಚಿಲ್ಲರ್ ಮೊದಲ ಮಹಿಳಾ ಪ್ರಧಾನಿಯಾದರು. ಇಸ್ಲಾಂವಾದಿ ಎರ್ಬಕಾನ್ 1996ರಲ್ಲಿ ಪ್ರಧಾನಿಯಾದಾಗ ಭದ್ರತಾ ಮಂಡಳಿ ಒತ್ತಡ ಹಾಕಿ ಮರುವರ್ಷವೇ ಇಳಿಸಿತು. ಅವರ ಪಕ್ಷವನ್ನು ಸಾಂವಿಧಾನಿಕ ನ್ಯಾಯಾಲಯ ಮುಚ್ಚಿತು. ಆ ನ್ಯಾಯಾಲಯ ಇದುವರೆಗೆ ಮುಚ್ಚಿದ ಪಕ್ಷಗಳು 20ಕ್ಕೂ ಹೆಚ್ಚು. ಎರ್ಬಕಾನರ ಶಿಷ್ಯ, ಇಸ್ತಾಂಬುಲ್ ಮೇಯರ್ ಎರ್ಡೊಗನ್, ಸಿಯಿರ್ತ್ ಪಟ್ಟಣದಲ್ಲಿ ಒಂದು ಪದ್ಯ ಓದಿದ್ದಕ್ಕೆ ಜೈಲಿಗೆ ಹೋದರು.

2002ರ ನವೆಂಬರ್ ಫಲಿತಾಂಶವನ್ನು ನಿಧಾನವಾಗಿ ನೋಡಬೇಕು. ಎರ್ಡೊಗನ್ ಕಟ್ಟಿದ, ವರ್ಷವಷ್ಟೇ ದಾಟಿದ್ದ ಎಕೆ ಪಕ್ಷಕ್ಕೆ ಶೇ 34 ಮತ. ಸ್ಥಾನ 550ರಲ್ಲಿ 363. ಶೇ 10ರ ಹೊಸ್ತಿಲು ದಾಟಿದ್ದು ಎರಡೇ ಪಕ್ಷ. ಶೇ 45ರಷ್ಟು ಮತಗಳಿಗೆ ಪ್ರಾತಿನಿಧ್ಯವೇ ಇಲ್ಲ. ಇಸ್ಲಾಂವಾದಿಗಳನ್ನು ತಡೆಯಲು ಜನರಲ್‌ಗಳು ಕಟ್ಟಿದ ಗೋಡೆಯೇ ಅವರಿಗೆ ಮೂರನೇ ಎರಡರಷ್ಟು ಬಹುಮತವನ್ನು ಹೆಚ್ಚುಕಡಿಮೆ ಕೈಗಿತ್ತಿತು. ಸ್ಪರ್ಧೆಗೆ ನಿಷೇಧವಿದ್ದ ಎರ್ಡೊಗನ್, ಸಂವಿಧಾನ ತಿದ್ದಿಸಿಕೊಂಡು 2003ರಲ್ಲಿ ಸಂಸತ್ತಿಗೆ ಗೆದ್ದು ಬಂದದ್ದು ಅದೇ ಸಿಯಿರ್ತ್‌ನಿಂದ.

2008ರಲ್ಲಿ ಎಕೆ ಪಕ್ಷವನ್ನೇ ಮುಚ್ಚಿಸುವ ಮೊಕದ್ದಮೆ ಬಂತು. ಹನ್ನೊಂದು ನ್ಯಾಯಾಧೀಶರಲ್ಲಿ ಆರು ಮಂದಿ ಮುಚ್ಚಬೇಕೆಂದರು, ಬೇಕಿದ್ದದ್ದು ಏಳು. ಒಂದು ಮತದಲ್ಲಿ ಉಳಿದ ಪಕ್ಷ ಎರಡೇ ವರ್ಷದಲ್ಲಿ ಜನಮತದ ಮೂಲಕ ನ್ಯಾಯಾಲಯದ ರಚನೆಯನ್ನೇ ಬದಲಿಸಿತು. 2016ರ ಜುಲೈ 15ರ ವಿಫಲ ದಂಗೆಯ ನಂತರ ಲಕ್ಷಕ್ಕೂ ಹೆಚ್ಚು ಸರ್ಕಾರಿ ನೌಕರರು ಕೆಲಸ ಕಳೆದುಕೊಂಡರು. ತುರ್ತುಸ್ಥಿತಿಯ ನಡುವೆಯೇ, 2017ರ ಏಪ್ರಿಲ್‌ನಲ್ಲಿ, ಶೇ 51ರಷ್ಟು ಮತದೊಂದಿಗೆ ಅಧ್ಯಕ್ಷೀಯ ಪದ್ಧತಿ ಬಂತು. ಮುದ್ರೆಯಿಲ್ಲದ ಮತಪತ್ರಗಳೂ ಸಿಂಧು ಎಂದು ಅಂದು ತೀರ್ಪು ಕೊಟ್ಟದ್ದು 1950ರ ಆ ಚುನಾವಣಾ ಮಂಡಳಿಯೇ. ಪ್ರಧಾನಿ ಹುದ್ದೆ 2018ರಲ್ಲಿ ಇಲ್ಲವಾಯಿತು.

ಹೊಸ ಪದ್ಧತಿಯೂ ಕರ್ತೃವಿನ ಮಾತು ಪೂರ್ತಿ ಕೇಳಲಿಲ್ಲ. ಅಧ್ಯಕ್ಷನಿಗೆ ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ಷರತ್ತು ಎರ್ಡೊಗನ್‌ರನ್ನು ಸಣ್ಣ ರಾಷ್ಟ್ರೀಯವಾದಿ ಪಕ್ಷವೊಂದರ ಹಂಗಿಗೆ ಬೀಳಿಸಿತು, ಚದುರಿದ್ದ ವಿರೋಧಿಗಳನ್ನು ಒಂದುಗೂಡಿಸಿತು. 2019ರಲ್ಲಿ ಇನೊನು ಪಕ್ಷದ ಎಕ್ರೆಮ್ ಇಮಾಮೊಗ್ಲು ಇಸ್ತಾಂಬುಲ್ ಮೇಯರ್ ಚುನಾವಣೆಯನ್ನು ಸುಮಾರು 13,000 ಮತಗಳಿಂದ ಗೆದ್ದರು. ಚುನಾವಣಾ ಮಂಡಳಿ ಅದನ್ನು ರದ್ದು ಮಾಡಿತು. ಮರುಚುನಾವಣೆಯಲ್ಲಿ ಅಂತರ ಎಂಟು ಲಕ್ಷ ಕಂಡಿತು. 2023ರಲ್ಲಿ ಎರ್ಡೊಗನ್ ಎರಡನೇ ಸುತ್ತಿಗೆ ಹೋಗಿ ಗೆದ್ದರು. 2024ರ ಸ್ಥಳೀಯ ಚುನಾವಣೆಯಲ್ಲಿ ಇನೊನು ಪಕ್ಷ ದಶಕಗಳ ನಂತರ ಮೊದಲ ಸ್ಥಾನಕ್ಕೇರಿತು.

ಅಧ್ಯಕ್ಷನಾಗುವವನಿಗೆ ಉನ್ನತ ಶಿಕ್ಷಣ ಇರಬೇಕೆಂಬ ಷರತ್ತು 1982ರ ಸಂವಿಧಾನದಲ್ಲಿದೆ. 2025ರ ಮಾರ್ಚ್ 18ರಂದು ವಿಶ್ವವಿದ್ಯಾಲಯ ಇಮಾಮೊಗ್ಲು ಪದವಿಯನ್ನು ರದ್ದುಮಾಡಿತು. ಮರುದಿನ ಬೆಳಿಗ್ಗೆ ಪೊಲೀಸರು ಅವರನ್ನು ಕರೆದೊಯ್ದರು. ಎರ್ಡೊಗನ್‌ಗೂ ನಿಯಮದ ತೊಡಕಿದೆ: 2028ರಲ್ಲಿ ಮತ್ತೆ ನಿಲ್ಲಬೇಕಾದರೆ ಸಂಸತ್ತೇ ಅವಧಿಗೆ ಮುನ್ನ ಚುನಾವಣೆ ಕರೆಯಬೇಕು, ಇಲ್ಲವೇ ಸಂವಿಧಾನ ತಿದ್ದಬೇಕು. ಚುನಾವಣೆ ಕರೆಯಲು 600ರಲ್ಲಿ 360 ಮತ ಬೇಕು. 2023ರಲ್ಲಿ ಆಳುವ ಕೂಟಕ್ಕೆ ಬಂದದ್ದು 323. ಕುರ್ದಿಶ್ ಪರ ಪಕ್ಷದ ಸ್ಥಾನಗಳು ಸೇರಿದರೆ ಲೆಕ್ಕ ಕೂಡುತ್ತದೆ. ನಾಲ್ಕು ದಶಕ ಬಂದೂಕು ಹಿಡಿದ ಕುರ್ದಿಶ್ ಸಂಘಟನೆ ಪಿಕೆಕೆ 2025ರ ಮೇ ತಿಂಗಳಲ್ಲಿ ತನ್ನನ್ನು ವಿಸರ್ಜಿಸುವುದಾಗಿ ಘೋಷಿಸಿದಾಗ ಅಂಕಾರಾದ ಅನೇಕರು ಈ ಕೂಡುವ ಲೆಕ್ಕವನ್ನೂ ಮಾಡಿ ನೋಡಿದರು.