ಕಣಜ ಕಾವಲು

ಆಶ್ ಮರಗಳನ್ನು ಕೊಲ್ಲುವ ವಿದೇಶಿ ದುಂಬಿ ಎಲ್ಲೆಲ್ಲಿ ಹರಡಿದೆ ಎಂಬುದನ್ನು ಸ್ಥಳೀಯ ಬೇಟೆಗಾರ ಕಣಜದ ನೆರವಿನಿಂದ ಪತ್ತೆಹಚ್ಚುವ ವಿಧಾನ. ಕೆನಡಾ ಮತ್ತು ಅಮೆರಿಕದಲ್ಲಿ ಇದು ಬೆಳೆದದ್ದು ಸ್ವಯಂಸೇವಕರ ತಾಳ್ಮೆಯಿಂದ.

2002ರಲ್ಲಿ ಮಿಶಿಗನ್‌ನ ಡೆಟ್ರಾಯಿಟ್ ಸುತ್ತಮುತ್ತ ಆಶ್ ಮರಗಳು ಸಾಯುತ್ತಿದ್ದುದಕ್ಕೆ 'ಎಮರಾಲ್ಡ್ ಆಶ್ ಬೋರರ್' (ಆಶ್ ಕೊರಕ) ಎಂಬ ಹಸಿರು ದುಂಬಿ ಕಾರಣವೆಂದು ತಿಳಿಯಿತು. ಪೂರ್ವ ಏಷ್ಯಾದ ಈ ಕೀಟ 1990ರ ದಶಕದಲ್ಲೇ ಸರಕಿನ ಮರದ ಪೆಟ್ಟಿಗೆಗಳಲ್ಲಿ ಅಡಗಿ ಬಂದಿರಬೇಕು. ಇದರ ಮರಿಹುಳು ತೊಗಟೆಯ ಅಡಿಯಲ್ಲಿ ಸುರಂಗ ಕೊರೆದು, ಮರಕ್ಕೆ ಆಹಾರ ಸಾಗಿಸುವ ಪದರವನ್ನೇ ತಿನ್ನುತ್ತದೆ. ತುದಿಕೊಂಬೆ ಒಣಗಿ ಹಾನಿ ಕಣ್ಣಿಗೆ ಬೀಳುವಷ್ಟರಲ್ಲಿ ಹಲವು ವರ್ಷ ಕಳೆದಿರುತ್ತವೆ. ಕೋಟ್ಯಂತರ ಮರಗಳು ಹೀಗೆ ನಾಶವಾದವು.

ಮನುಷ್ಯರಿಗೆ ಕಾಣದ ಈ ದುಂಬಿ ಸೆರ್ಸೆರಿಸ್ ಫ್ಯೂಮಿಪೆನಿಸ್ ಎಂಬ ಕಣಜಕ್ಕೆ ಸುಲಭವಾಗಿ ಸಿಗುತ್ತದೆ. ಕೀಟತಜ್ಞ ಥಾಮಸ್ ಸೇ ಹೆಸರಿಟ್ಟ ಈ ಕಣಜದ ರೆಕ್ಕೆ ಹೊಗೆಬಣ್ಣದ್ದು. ಹೆಣ್ಣು ಗಟ್ಟಿಯಾದ ಮರಳುನೆಲದಲ್ಲಿ ಪೆನ್ಸಿಲ್ ದಪ್ಪದ ಬಿಲ ತೋಡಿ, ಬಹುತೇಕ ಬ್ಯೂಪ್ರೆಸ್ಟಿಡೀ ಕುಟುಂಬದ ದುಂಬಿಗಳನ್ನೇ ಹಿಡಿದು, ಕುಟುಕಿ ನಿಶ್ಚೇಷ್ಟಗೊಳಿಸಿ ಮರಿಗಳಿಗೆಂದು ತರುತ್ತದೆ. ಆಶ್ ಕೊರಕವೂ ಅದೇ ಕುಟುಂಬದ್ದು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸ್ಟೀಫನ್ ಮಾರ್ಷಲ್, ಫಿಲಿಪ್ ಕೇರ್‌ಲೆಸ್ ಮತ್ತು ಅವರ ಸಂಗಡಿಗರು ಈ ನಂಟನ್ನು ಸಮೀಕ್ಷೆಗೆ ಬಳಸುವ ದಾರಿ ತೋರಿದರು.

ಕಣಜಗಳಿಗೆ ಬೇಸ್‌ಬಾಲ್ ಮೈದಾನದ ಬರಿನೆಲ ಬಹಳ ಇಷ್ಟ. ಬೇಸಿಗೆಯಲ್ಲಿ ಸ್ವಯಂಸೇವಕರು ಮೈದಾನದ ಬಿಲಗಳನ್ನು ಹುಡುಕಿ, ಹೊರೆಹೊತ್ತು ಮರಳುವ ಕಣಜವನ್ನು ಬಲೆಯಲ್ಲಿ ಹಿಡಿದು ದುಂಬಿಯನ್ನು ಬಿಡಿಸಿಕೊಳ್ಳುತ್ತಾರೆ. ಬಿಲದ ಸುತ್ತ ಬಿದ್ದ ದುಂಬಿಗಳನ್ನೂ ಆಯುತ್ತಾರೆ. ಕಣಜವನ್ನು ಹಾಗೆಯೇ ಹಾರಲು ಬಿಡಲಾಗುತ್ತದೆ. ಅದು ಮನುಷ್ಯರನ್ನು ಕುಟುಕುವ ಗೋಜಿಗೆ ಹೋಗುವುದಿಲ್ಲವಾದ್ದರಿಂದ ಮನೆಮಂದಿಯೆಲ್ಲ ಸೇರಿ ಈ ಕೆಲಸ ಮಾಡಬಹುದು. ಸಂಗ್ರಹಿಸಿದ ದುಂಬಿಗಳನ್ನು ಕೀಟತಜ್ಞರು ಗುರುತಿಸುತ್ತಾರೆ.

ಮೇನ್, ಕನೆಕ್ಟಿಕಟ್, ಮಿನ್ನೆಸೋಟಾ ಮೊದಲಾದ ರಾಜ್ಯಗಳಲ್ಲಿ ಇಂಥ ತಂಡಗಳು ಹುಟ್ಟಿಕೊಂಡವು. 2012ರ ಜುಲೈನಲ್ಲಿ ಕನೆಕ್ಟಿಕಟ್‌ನ ಪ್ರಾಸ್ಪೆಕ್ಟ್ ಪಟ್ಟಣದಲ್ಲಿ ಕಣಜ ತಂದ ಬೇಟೆಯಲ್ಲೇ ಆಶ್ ಕೊರಕ ಸಿಕ್ಕಿತು. ಆ ರಾಜ್ಯದಲ್ಲಿ ಅದು ಮೊದಲು ಪತ್ತೆಯಾದದ್ದು ಹೀಗೆ. ಈ ವಿಧಾನದ ಬೆಲೆ ಅರಿಯಲು ಆ ಒಂದು ಘಟನೆ ಸಾಕು.

ಆದರೆ ಕಣಜ ಕೀಟದ ಸುಳಿವು ಕೊಡುತ್ತದೆಯೇ ಹೊರತು ಅದರ ಹಾವಳಿಯನ್ನು ತಡೆಯಲಾರದು. ತಕ್ಕ ನೆಲವಿಲ್ಲದೆಡೆ ಅದರ ಬಿಲಗಳೂ ಇರುವುದಿಲ್ಲ. ಹತೋಟಿಗೆಂದು ಅಮೆರಿಕ 2007ರಿಂದ ಬಿಡುಗಡೆ ಮಾಡುತ್ತಿರುವ ಪರಾವಲಂಬಿ ಕಣಜಗಳು ಬೇರೆ. ಅವನ್ನು ಮೊದಲು ತಂದದ್ದು ಚೀನಾದಿಂದ.